ಮಂಡಕ್ಕಿ ಮೆತ್ತಗಾಗೋದಕ್ಕೂ ಪ್ರಶಸ್ತಿ ಇದೆಯಾ?

ಮಂಡಕ್ಕಿ ಯಾಕೆ ಮೆತ್ತಗಾಗುತ್ತೆ ಅಂತ ಮಗಳು ಪ್ರಾಜೆಕ್ಟ್ ಮಾಡಲು ಹೊರಟರೆ ಕ್ಲಾಸಿನಲ್ಲಿ ನಕ್ಕರು, ಇಂಥದ್ದಕ್ಕೂ ಪ್ರಶಸ್ತಿ ಕೊಡ್ತಾರಂತೆ ನಿಜಾನಾ ಅಂತ ಕೇಳಿದ್ದೀರಿ. ನಿಜ ಸರ್. ಇಗ್ ನೊಬೆಲ್ ಅಂತ, ಅಮೆರಿಕದಲ್ಲಿ 1991ರಲ್ಲಿ ಶುರುವಾದದ್ದು. ಸಂಶೋಧನೆ ನೋಡಿ ಮೊದಲು ನಗು ಬರಬೇಕು, ಆಮೇಲೆ ತಲೆಗೆ ಕೆಲಸ ಹತ್ತಬೇಕು, ಅಷ್ಟೇ.

1995ರ ಭೌತಶಾಸ್ತ್ರದ ಪ್ರಶಸ್ತಿ ಇಂಗ್ಲೆಂಡಿನ ನಾರ್ವಿಚ್‌ನವರಿಗೆ ಹೋಯಿತು. ಕಾರ್ನ್‌ಫ್ಲೇಕ್ಸ್‌ನಂಥ ತಿಂಡಿಯಲ್ಲಿ ನೀರಿನಂಶ ಬದಲಾದರೆ, ಒತ್ತಿದಾಗ ಅದು ಹೇಗೆ ವರ್ತಿಸುತ್ತೆ ಅಂತ ನೋಡಿದ್ದರು. ನಮ್ಮ ಮಂಡಕ್ಕಿ ಕಥೆಯೂ ಅದೇ ಅಲ್ವಾ? ಒಣಗಿದ್ದಾಗ ಅದರ ಪಿಷ್ಟ ಗಾಜಿನಂತೆ ಗಟ್ಟಿ, ಕಚ್ಚಿದರೆ ಕರುಂ ಅನ್ನುತ್ತೆ. ತೇವ ಹೀರಿದ ಮೇಲೆ ಬಾಗುತ್ತೆ, ಮುರಿಯಲ್ಲ.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಿಗೂ 2001ರಲ್ಲಿ ಬಂದಿದೆ, ಹದಿಹರೆಯದವರು ಮೂಗಿಗೆ ಬೆರಳು ಹಾಕೋದರ ಬಗ್ಗೆ! 2000ದಲ್ಲಿ ಅಯಸ್ಕಾಂತದಿಂದ ಕಪ್ಪೆ ತೇಲಿಸಿ ಇದನ್ನು ಗೆದ್ದ ಭೌತವಿಜ್ಞಾನಿ ಆಂದ್ರೆ ಗೈಮ್, 2010ರಲ್ಲಿ ಅಸಲಿ ನೊಬೆಲ್ಲೇ ತಗೊಂಡರು. ನಕ್ಕವರಿಗೆ ಸುಮ್ನೆ ಇದೊಂದು ಹೇಳಿದರೆ ಸಾಕು.

ನಿಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೇನು ಬರ? ಮಗಳು ಪ್ರಾಜೆಕ್ಟ್‌ಗೆ ಬಿಸಿಯಾಗಿ ತಂದು, ಒಂದು ಪಾಲು ಮುಚ್ಚಿದ ಡಬ್ಬಿಯಲ್ಲಿ, ಇನ್ನೊಂದು ತೆರೆದ ತಟ್ಟೆಯಲ್ಲಿಟ್ಟು ಗಂಟೆಗೊಮ್ಮೆ ತೂಗಲಿ, ತೂಕ ಹೆಚ್ಚಿದಷ್ಟು ತೇವ ಹೀರಿದೆ ಅಂತ. ಚಿನ್ನ ತೂಗುವ ತಕ್ಕಡಿ ಸಿಕ್ಕರೆ ಒಳ್ಳೆಯದು, ಕಿರಾಣಿ ಅಂಗಡಿಯದಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಗೊತ್ತಾಗಲ್ಲ.