ಸರೋವರದ ಜಿಗಣೆಗಳೆಲ್ಲ ರಕ್ತ ಹೀರುತ್ತವೆಯೇ? ಅವನ್ನು ಮೀನಿನ ಗಾಳಕ್ಕೆ ಬಳಸುವುದು ಹೇಗೆ?
ಸಿಹಿನೀರಿನ ಜಿಗಣೆಗಳೆಲ್ಲವೂ ರಕ್ತ ಹೀರುವಂಥವಲ್ಲ. ಬಸವನಹುಳು, ಎರೆಹುಳು, ಕೀಟಗಳ ಮರಿ ಮುಂತಾದವುಗಳನ್ನು ತಿಂದು ಬದುಕುವ ಜಾತಿಗಳೂ ಸಾಕಷ್ಟಿವೆ. ಉತ್ತರ ಅಮೆರಿಕದಲ್ಲಿ ವಾಲೈ ಮತ್ತು ಬಾಸ್ ಮೀನುಗಳನ್ನು ಹಿಡಿಯಲು ಮಾರಾಟವಾಗುವ ರಿಬ್ಬನ್ ಜಿಗಣೆ ಇಂಥದ್ದೇ ಆಗಿರುವುದರಿಂದ, ಅದು ಬೆರಳಿಗೆ ಅಂಟಿಕೊಂಡರೂ ಹೆದರಬೇಕಾಗಿಲ್ಲ. ಗಾತ್ರದಲ್ಲಿ ದೊಡ್ಡದಾದ ಕುದುರೆ ಜಿಗಣೆ ಕಣ್ಣಿಗೆ ಚೆನ್ನಾಗಿ ಕಂಡರೂ, ಅದರ ಮೈ ಮೆತ್ತಗಿರುವುದರಿಂದ ಗಾಳಕ್ಕೆ ಅಷ್ಟಾಗಿ ಒದಗುವುದಿಲ್ಲ.

ಜಿಗಣೆಯ ದೇಹದ ಎರಡೂ ತುದಿಗಳಲ್ಲಿ ಅಂಟಿಕೊಳ್ಳುವ ಚೂಷಕಗಳಿದ್ದು, ಹಿಂದಿನದು ಅಗಲವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಸಣ್ಣ ಗಾಳವನ್ನು ಈ ಹಿಂಬದಿಯ ಚೂಷಕದ ಮೂಲಕ ಒಮ್ಮೆ ಮಾತ್ರ ಚುಚ್ಚಿದರೆ, ಉಳಿದ ದೇಹ ಪಟ್ಟಿಯಂತೆ ಚಾಚಿಕೊಂಡು ನೀರಿನಲ್ಲಿ ಅಲೆಯಲೆಯಾಗಿ ಈಜುತ್ತದೆ. ಮೀನನ್ನು ಸೆಳೆಯುವುದು ಮುಖ್ಯವಾಗಿ ಈ ಚಲನೆಯೇ, ಆದ್ದರಿಂದ ಎರೆಹುಳುವಿನಂತೆ ಹಲವು ಕಡೆ ಚುಚ್ಚಿ ಸುತ್ತುವುದರಲ್ಲಿ ಅರ್ಥವಿಲ್ಲ. ನೀರು ತೀರಾ ತಣ್ಣಗಿರುವಾಗ ಜಿಗಣೆ ಉಂಡೆಯಾಗಿ ಮುದುಡಿಕೊಳ್ಳುವುದರಿಂದ, ಬೇಸಿಗೆಯ ಬೆಚ್ಚನೆಯ ನೀರೇ ಇದಕ್ಕೆ ಸೂಕ್ತ.

ಇವು ಹಗಲಿನಲ್ಲಿ ಕಲ್ಲು, ಕೊಳೆತ ಎಲೆಗಳ ಅಡಿಯಲ್ಲಿ ಅಡಗಿದ್ದು ರಾತ್ರಿ ಆಹಾರ ಹುಡುಕುತ್ತವೆ. ಹಾಗಾಗಿ ಮೀನಿನ ತಲೆ ಅಥವಾ ಮಾಂಸದ ತುಂಡನ್ನಿಟ್ಟ ಡಬ್ಬಿಯನ್ನು ಸಂಜೆ ಆಳವಿಲ್ಲದ ನೀರಿನಲ್ಲಿ ಮುಳುಗಿಸಿ, ಬೆಳಕು ಹರಿಯುವ ಮೊದಲೇ ಎತ್ತಬೇಕು. ತಡವಾದರೆ ಅವು ಹೊರಟುಹೋಗುತ್ತವೆ. ಹಿಡಿದವನ್ನು ಕ್ಲೋರಿನ್ ಇಲ್ಲದ ತಣ್ಣನೆಯ ನೀರಿನಲ್ಲಿಟ್ಟು ಆಗಾಗ ನೀರು ಬದಲಿಸುತ್ತಿದ್ದರೆ ಬಹಳ ದಿನ ಬದುಕುತ್ತವೆ. ಉಳಿದವನ್ನು ಬೇರೊಂದು ಸರೋವರಕ್ಕೆ ಬಿಡಬಾರದು, ಏಕೆಂದರೆ ಅವುಗಳ ಜೊತೆಗಿರುವ ನೀರಿನಲ್ಲಿ ಹೊರಗಿನ ಜೀವಿಗಳೂ ರೋಗಾಣುಗಳೂ ಅಲ್ಲಿಗೆ ಸೇರಬಹುದು.