ಕಾಗೆಗಿಟ್ಟ ಅನ್ನ ಅಪ್ಪನಿಗೆ ತಲುಪುತ್ತಾ?

ಪ್ರಶ್ನೆ: ನನಗೆ 32 ವರ್ಷ. ಹನುಮಂತನಗರದಲ್ಲಿ ಅಮ್ಮನ ಜೊತೆ ಇದ್ದೇನೆ. ಅಕ್ಕ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಮುಂದಿನ ತಿಂಗಳಿಗೆ ಅಪ್ಪ ತೀರಿಕೊಂಡು ಒಂದು ವರ್ಷ. ವರ್ಷಾಬ್ದಿಕಕ್ಕೆ ಕೂರಬೇಕಾದವನು ನಾನೇ. ಕಾಲೇಜಿನ ದಿನಗಳಿಂದಲೂ ನನಗೆ ದೇವರಲ್ಲಿ ನಂಬಿಕೆ ಇಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಅಪ್ಪನ ಕರ್ಮಗಳನ್ನು ಆ ದುಃಖದಲ್ಲಿ ಪುರೋಹಿತರು ಹೇಳಿದ ಹಾಗೆ ಮಾಡಿ ಮುಗಿಸಿದೆ. ಈಚೆಗೆ ಸೋದರಮಾವ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಹಾಕಿದರು. ದೇವರಿಲ್ಲ ಅನ್ನುವವರಿಗೆ ಪಾಪಪುಣ್ಯದ ಭಯ ಇರುವುದಿಲ್ಲ, ಐಸಿಯು ಬಾಗಿಲಲ್ಲಿ ಮಾತ್ರ ಕೈ ಮುಗಿಯುತ್ತಾರೆ ಅಂತ. ನನಗೆ ತಡೆಯಲಾಗಲಿಲ್ಲ. 'ಕಾಗೆಗಿಟ್ಟ ಅನ್ನ ಅಪ್ಪನಿಗೆ ತಲುಪುತ್ತೆ ಅನ್ನೋದಾದ್ರೆ ಸ್ವಿಗ್ಗಿ ಯಾಕೆ ಬೇಕು?' ಅಂತ ಹಾಕಿದೆ. ಅವತ್ತಿನಿಂದ ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಾರೆ. ನಂಬಿಕೆ ಇಲ್ಲದೆ ಸುಳ್ಳೇ ಕೂರಲೇ, ಇಲ್ಲ ಆಗಲ್ಲ ಅಂತ ಹೇಳಿಬಿಡಲೇ? ಯೋಚನೆಯನ್ನೇ ಮಾಡದೆ ನಂಬುವವರಿಗೆ ಏನಂತ ಹೇಳಿ ಅರ್ಥ ಮಾಡಿಸುವುದು?
ಹೆಸರು ಬೇಡ, ಬೆಂಗಳೂರು

ಉತ್ತರ: ಅಪ್ಪನನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿಲ್ಲ. ಆದರೆ ನಿಮ್ಮ ಪತ್ರದ ತುಂಬ ಮಾವನ ಫಾರ್ವರ್ಡು ಮತ್ತು ಅದಕ್ಕೆ ನೀವು ಕೊಟ್ಟ ಉತ್ತರವೇ ಇದೆ. ಅಪ್ಪ ಹೇಗಿದ್ದರು, ಅವರಿಲ್ಲದ ಮನೆ ಹೇಗಿದೆ ಅನ್ನುವುದು ಎಲ್ಲೂ ಇಲ್ಲ. ಅಮ್ಮನ ಹತ್ತಿರವೂ ನೀವು ಅದನ್ನು ಮಾತಾಡಿಲ್ಲ ಅಂತ ನನಗೆ ಅನ್ನಿಸುತ್ತದೆ. ಕೂರಬೇಕೋ ಬೇಡವೋ ಅನ್ನುವುದಕ್ಕೆ ಬರುತ್ತೇನೆ. ಮೊದಲು ಆ ಮೆಸೇಜಿನ ವಿಷಯ.

ನೀವು ಬರೆದದ್ದು ಮಾವನಿಗೆ. ತಾಗಿದ್ದು ಅಮ್ಮನಿಗೆ. ಹತ್ತನೇ ದಿನ ಪಿಂಡ ಇಟ್ಟಾಗ ಏನು ನಡೆಯುತ್ತದೆ ಅಂತ ನೀವೂ ನೋಡಿರುತ್ತೀರಿ. ಎಲೆಯ ಮೇಲೆ ಅನ್ನದ ಉಂಡೆ, ಎಳ್ಳು, ಪಕ್ಕದಲ್ಲಿ ಹೋದವರಿಗೆ ಇಷ್ಟವಾದ ತಿಂಡಿ. ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಈ ಊರಿನಲ್ಲಿ ಕಾಗೆ ಬೇಗ ಬರುವುದೂ ಇಲ್ಲ. ಹೊತ್ತಾಗುತ್ತಿದ್ದ ಹಾಗೆ ಯಾರೋ ಒಬ್ಬರು, 'ಏನೋ ಮನಸ್ಸಲ್ಲಿ ಇಟ್ಕೊಂಡು ಹೋಗಿದ್ದಾರೆ' ಅನ್ನುತ್ತಾರೆ. ಆಗ ಒಬ್ಬೊಬ್ಬರೇ ಮುಂದೆ ಬಂದು ಗಟ್ಟಿಯಾಗಿ ಮಾತು ಕೊಡುತ್ತಾರೆ. ಸಾಲ ನಾವು ತೀರಿಸ್ತೀವಿ. ಮಗಳನ್ನ ತವರಿಗೆ ಕರೀತಾ ಇರ್ತೀವಿ. ಇವರನ್ನ ಚೆನ್ನಾಗಿ ನೋಡ್ಕೋತೀವಿ, ನೀವು ಯೋಚನೆ ಮಾಡಬೇಡಿ. ಆ 'ಇವರು' ಅಂದರೆ ಮೂಲೆಯಲ್ಲಿ ನಿಂತಿರುವ ಹೆಂಡತಿ. ನಿಮ್ಮ ಅಮ್ಮನ ಮನಸ್ಸಿನಲ್ಲಿ ಕಾಗೆ ಅಂದರೆ ಇಷ್ಟೆಲ್ಲ ಇದೆ. ನಿಮ್ಮ ಮೆಸೇಜನ್ನು ಅವರು ಒಂದು ವಾದ ಅಂತ ಓದಿರಲಾರರು. 'ಇವನ ಪಾಲಿಗೆ ಅಪ್ಪ ಮುಗಿದುಹೋದರು' ಅಂತ ಓದಿರುತ್ತಾರೆ.

ನಂಬುವವರು ಯೋಚನೆ ಮಾಡುವುದಿಲ್ಲ ಅಂದಿರಿ. ನಿಮ್ಮ ಸ್ವಿಗ್ಗಿ ಮಾತು ಬಹಳ ಹಳೆಯದು. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವ ಎಂಬ ವೇದಾಂತಿ 'ಸರ್ವದರ್ಶನ ಸಂಗ್ರಹ' ಬರೆದರು. ಮೊದಲ ಅಧ್ಯಾಯವೇ ದೇವರು, ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರದ್ದು. ಶ್ರಾದ್ಧದ ಅನ್ನ ಸತ್ತವರಿಗೆ ತಲುಪುವುದಾದರೆ, ದೂರ ಹೊರಟವನು ಬುತ್ತಿ ಯಾಕೆ ಕಟ್ಟಿಕೊಳ್ಳಬೇಕು, ಮನೆಯಲ್ಲೇ ಅವನ ಹೆಸರಿನಲ್ಲಿ ಬಡಿಸಿದರೆ ಸಾಕಲ್ಲ ಅಂತ ಚಾರ್ವಾಕರು ಕೇಳುವ ಪ್ರಶ್ನೆ ಅಲ್ಲಿದೆ. ಅದನ್ನು ಬರೆದಿಟ್ಟವರು ಅದನ್ನು ಒಪ್ಪದವರು. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡುವ ಪದ್ಧತಿ ನಮ್ಮ ಪಂಡಿತರಲ್ಲಿ ಇತ್ತು. ಅಂದರೆ ನಂಬುವವರು ಈ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದಾರೆ. ಕೇಳಿಸಿಕೊಂಡ ಮೇಲೂ ನಂಬಿದ್ದಾರೆ. ಅವರ ಉತ್ತರ ನಿಮಗೆ ಸರಿಕಾಣದಿರಬಹುದು, ಅದು ಬೇರೆ ಮಾತು.

ಇದರ ಇನ್ನೊಂದು ಮಗ್ಗುಲೂ ಇದೆ. ಚಾರ್ವಾಕರು ತಾವೇ ಬರೆದದ್ದು ಹೆಚ್ಚೂಕಡಿಮೆ ಏನೂ ಉಳಿದಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದು ಜಾಸ್ತಿ ಅವರನ್ನು ಖಂಡಿಸಿದವರಿಂದಲೇ. ಹಾಗಾಗಿ ಜನರ ಬಾಯಲ್ಲಿ ಉಳಿದದ್ದು ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವ ಒಂದು ಮಾತು. ದೇವರನ್ನು ಒಪ್ಪದವನು ಹೇಳುವವರು ಕೇಳುವವರು ಇಲ್ಲದೆ ಮಜಾ ಮಾಡುವವನು ಅಂತ ಲೆಕ್ಕ. ನಿಮ್ಮ ಮಾವ ಕಳಿಸಿದ್ದೂ ಅದೇ ಸರಕು.

ಮಾವನಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಆಂಧ್ರದ ಗೋರಾ ಅವರ ವಿಷಯ ಹೇಳಿ. ನಾಸ್ತಿಕ ಅನ್ನುವ ಕಾರಣಕ್ಕೆ ಕಾಲೇಜಿನ ಮೇಷ್ಟ್ರ ಕೆಲಸ ಕಳೆದುಕೊಂಡವರು, 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ಅಸ್ಪೃಶ್ಯತೆಯ ವಿರುದ್ಧ ದುಡಿದು, ಮಗಳನ್ನು ದಲಿತ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಪಾಪಪುಣ್ಯದ ಭಯದಿಂದ ಇದನ್ನೆಲ್ಲ ಮಾಡಲಿಲ್ಲ.

ಗೋರಾ ಹೆಸರು ತೆಗೆದದ್ದಕ್ಕೆ ಇನ್ನೂ ಒಂದು ಕಾರಣ ಇದೆ. 1891ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಓದುತ್ತಿದ್ದರು, 21ರ ಹುಡುಗ. ಬ್ರಾಡ್ಲಾ ಎಂಬ ಹೆಸರಾಂತ ನಾಸ್ತಿಕ ತೀರಿಕೊಂಡಾಗ ಅವರ ಅಂತ್ಯಕ್ರಿಯೆಗೆ ಹೋಗಿದ್ದರು. ವಾಪಸು ಬರುವಾಗ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ನಾಸ್ತಿಕ ಪಾದ್ರಿಯೊಬ್ಬರನ್ನು ಹಿಡಿದುಕೊಂಡ. ಭೂಮಿಯ ಸುತ್ತಳತೆ ಇಷ್ಟು ಅಂತ ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಎಲ್ಲಿದ್ದಾನೆ ಹೇಳಿ ಅಂತ ಕೇಳಿದ. ತಾನು ಗೆದ್ದೆ ಅಂತಲೇ ಅವನು ಅಂದುಕೊಂಡ. ಪಕ್ಕದಲ್ಲಿ ನಿಂತು ಕೇಳಿದ ಹುಡುಗನಿಗೆ ಮಾತ್ರ ನಾಸ್ತಿಕರ ಮೇಲಿದ್ದ ಬೇಸರ ಇನ್ನೂ ಜಾಸ್ತಿಯಾಯಿತು. ಗಾಂಧೀಜಿಯೇ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಅದೇ ಗಾಂಧೀಜಿ 1944ರಲ್ಲಿ ಗೋರಾ ಅವರನ್ನು ಸೇವಾಗ್ರಾಮಕ್ಕೆ ಕರೆಸಿಕೊಂಡು ಮಾತಾಡಿದರು. ಗೋರಾ ಅವರ ಮಗಳ ಮದುವೆಯನ್ನು ಆಶ್ರಮದಲ್ಲೇ ಮಾಡಿಸಲು ಒಪ್ಪಿದರು. ಮದುವೆಯ ಪ್ರಮಾಣವಚನದಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಇರಲಿ ಅಂದರು. ಮದುವೆ ನಡೆದದ್ದು 1948ರ ಮಾರ್ಚಿನಲ್ಲಿ, ಅಷ್ಟು ಹೊತ್ತಿಗೆ ಗಾಂಧೀಜಿ ಇರಲಿಲ್ಲ. ಗೋರಾ ದೇವರನ್ನು ಒಪ್ಪಲಿಲ್ಲ, ಗಾಂಧೀಜಿ ರಾಮನಾಮ ಬಿಡಲಿಲ್ಲ. ಯಾರೂ ಯಾರಿಗೂ ಸುಳ್ಳು ಹೇಳಬೇಕಾಗಿ ಬರಲಿಲ್ಲ.

ಇಷ್ಟು ಓದಿ ನೀವು, 'ಸರಿ, ಅಮ್ಮನಿಗೆ ಅದರಿಂದ ನೆಮ್ಮದಿ ಸಿಗುತ್ತೆ, ಮಾಡಿಬಿಡೋಣ' ಅನ್ನಬಹುದು. ನನಗೆ ಹೆಚ್ಚು ತಕರಾರು ಇರುವುದು ಈ ಮಾತಿನ ಮೇಲೆ. ಗೇಲಿಗಿಂತ ಇದು ಮೆತ್ತಗಿದೆ, ಆದರೆ ಇದೂ ಅಮ್ಮನನ್ನು ಸಣ್ಣದು ಮಾಡುವ ಮಾತೇ. ಅವರು ನೆಮ್ಮದಿಗೆ ಅಂತ ನಂಬುತ್ತಿಲ್ಲ. ಅದು ನಿಜ ಅಂತ ನಂಬುತ್ತಿದ್ದಾರೆ. ಅವರ ಪಾಲಿಗೆ ಅಪ್ಪ ಎಲ್ಲೋ ಇದ್ದಾರೆ, ಮಗ ಕೊಡುವ ಎಳ್ಳುನೀರಿಗೆ ಕಾಯುತ್ತಿದ್ದಾರೆ. ಮಗ ಕೊಡದೆ ಹೋದರೆ? ಆ ಭಯ ಹೊತ್ತುಕೊಂಡು ರಾತ್ರಿ ಮಲಗುವವರಿಗೆ ಅದು ನೆಮ್ಮದಿ ಹೇಗಾಗುತ್ತದೆ? ದೊಡ್ಡ ಭಾರ ಅದು.

ನಿಮ್ಮ ಬಗ್ಗೆಯೂ ಮನೆಯವರು ಪ್ರೀತಿಯಿಂದಲೇ ಇಂಥ ಮಾತು ಆಡುತ್ತಾರೆ, ಅಲ್ವಾ? 'ನಮ್ಮ ಹುಡುಗ ಬಾಯಲ್ಲಿ ಹಾಗಂತಾನೆ, ಒಳಗೆ ಭಕ್ತಿ ಇದೆ.' 'ವಯಸ್ಸಾದ ಮೇಲೆ ಸರಿಹೋಗ್ತಾನೆ.' ಬೈದರೂ ಪರವಾಗಿಲ್ಲ, ಇದನ್ನು ಕೇಳುವುದು ಕಷ್ಟ. ನೀವು ಯೋಚಿಸಿ ತಲುಪಿದ ಜಾಗವನ್ನು ಹುಡುಗಾಟ ಅಂತ ತಳ್ಳಿಹಾಕಿದ ಹಾಗೆ. ನಂಬಿಕೆ ಇಲ್ಲದಿರುವುದು ನಿಮಗೆ ಸುಲಭವೂ ಅಲ್ಲ. ಅಮ್ಮನ ಲೆಕ್ಕದಲ್ಲಿ ಅಪ್ಪ ಎಲ್ಲೋ ಇದ್ದಾರೆ. ನಿಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ, ಯಾವತ್ತೂ ಸಿಗುವುದಿಲ್ಲ. ಇದು ಅಮ್ಮನಿಗೆ ಗೊತ್ತಿದೆಯೇ? ಮಗನಿಗೆ ದುಃಖವೇ ಇಲ್ಲ ಅಂತ ಅವರು ಅಂದುಕೊಂಡಿದ್ದರೆ, ಅದನ್ನು ತಿದ್ದಬೇಕಾದವರು ನೀವೇ.

ಈಗ ನಿಮ್ಮ ಪ್ರಶ್ನೆ. ಕೂತುಕೊಳ್ಳಿ ಅಂತಲೇ ನನ್ನ ಸಲಹೆ. ಆದರೆ ಅದಕ್ಕೆ ಮೊದಲು ಅಮ್ಮನಿಗೆ ನೇರವಾಗಿ ಹೇಳಿ: 'ಅಮ್ಮಾ, ಅಪ್ಪನಿಗೆ ಇದು ತಲುಪುತ್ತೆ ಅಂತ ನನಗೆ ನಂಬಿಕೆ ಇಲ್ಲ. ನಿನಗಿದೆ. ಅಪ್ಪನಿಗೂ ಇತ್ತಾ? ಅವರು ನನ್ನಿಂದ ಇದನ್ನ ಬಯಸಿದ್ರಾ?' ಉತ್ತರ ಹೌದು ಅನ್ನುವುದಾದರೆ ಕೂರುವುದರಲ್ಲಿ ಸುಳ್ಳೇನೂ ಇಲ್ಲ. ಸುಳ್ಳಾಗುವುದು ಮುಚ್ಚಿಟ್ಟು ಕೂತಾಗ. ಮಾಡುವುದು ಬೇರೆ, ದೇವರನ್ನು ನಂಬುವುದು ಬೇರೆ ಅನ್ನುವುದು ನಮ್ಮಲ್ಲಿ ಹೊಸತೂ ಅಲ್ಲ. ಯಜ್ಞ, ಕರ್ಮ ಬಿಡಕೂಡದು ಅಂತ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ ಮೀಮಾಂಸಕರು, ಕುಮಾರಿಲ ಭಟ್ಟರಂಥವರು, ಜಗತ್ತನ್ನು ಸೃಷ್ಟಿಸಿದ ದೇವರೊಬ್ಬ ಇದ್ದಾನೆ ಅನ್ನುವುದನ್ನು ಒಪ್ಪುತ್ತಿರಲಿಲ್ಲ. ನಂಬುವವರು ಒಂದು ಗುಂಪು, ನಂಬದವರು ಒಂದು ಗುಂಪು ಅಂತ ಗೆರೆ ಎಳೆದರೆ ಇವರನ್ನು ಎಲ್ಲಿ ಕೂರಿಸುತ್ತೀರಿ?

ಅಮ್ಮ, 'ನಂಬಿಕೆ ಇಲ್ಲದೆ ಕೂತರೆ ಫಲ ಇಲ್ಲ, ಬೇಡ' ಅನ್ನಲೂಬಹುದು. ಆ ಮಾತಿಗೂ ಬೆಲೆ ಕೊಡಿ. ಚಿಕ್ಕಪ್ಪನೋ ದೊಡ್ಡಪ್ಪನ ಮಗನೋ ಕೂರಬಹುದೇ ಅಂತ ಪುರೋಹಿತರನ್ನು ಕೇಳಿ. ಮಿಕ್ಕ ಕೆಲಸ ನೀವು ಹೊತ್ತುಕೊಳ್ಳಿ. ಎಲೆ ತರುವುದು, ಬಡಿಸುವುದು, ಬಂದವರನ್ನು ನೋಡಿಕೊಳ್ಳುವುದು, ಅಪ್ಪನ ಹೆಸರಿನಲ್ಲಿ ನಿಮಗೆ ಸರಿ ಅನ್ನಿಸಿದ ಕಡೆ ಒಂದಿಷ್ಟು ದುಡ್ಡು ಕೊಡುವುದು.

ಮೆಸೇಜಿಗೆ ಅಮ್ಮನ ಹತ್ತಿರ ಕ್ಷಮೆ ಕೇಳಿ. ನಿಮ್ಮ ಅಭಿಪ್ರಾಯಕ್ಕಲ್ಲ, ಅಪ್ಪನ ಹೆಸರು ಹಿಡಿದು ಗೇಲಿ ಮಾಡಿದ್ದಕ್ಕೆ. ಮಾವನ ಜೊತೆ ಗ್ರೂಪಿನಲ್ಲಿ ಮಾತು ಬೆಳೆಸಬೇಡಿ, ಮನೆಗೆ ಬಂದಾಗ ಎದುರು ಕೂತು ಹೇಳಿ. ಅಕ್ಕನಿಗೆ ಮೊದಲೇ ಫೋನ್ ಮಾಡಿ ಎಲ್ಲ ತಿಳಿಸಿ, ಆಗುವುದಾದರೆ ಒಂದು ದಿನ ಬಂದು ಹೋಗಲಿ. ಅಮ್ಮನ ಜೊತೆಗಿನ ಮಾತು ಈ ವಾರವೇ ಆಗಲಿ. ತಿಥಿಗೆ ಎರಡು ದಿನ ಇದೆ ಅನ್ನುವಾಗ ಶುರು ಮಾಡಿದರೆ ಅದು ಅವರಿಗೆ ಬೆದರಿಕೆಯ ಹಾಗೆ ಕೇಳಿಸುತ್ತದೆ.