ಎರಡು ಸಲ ಕೂತು ಮಾತಾಡಿದರೆ ಏನಾಗುತ್ತೆ, ಅಕ್ಕಾ?

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ಊರು ದಾವಣಗೆರೆ. ಎಂ.ಎಸ್. ಓದಲು ಅಮೆರಿಕಕ್ಕೆ ಬಂದು ಎಂಟು ತಿಂಗಳಾಯಿತು. ಅಪ್ಪ ಮನೆ ಮೇಲೆ ಸಾಲ ಮಾಡಿ ಕಳಿಸಿದ್ದಾರೆ. ಶನಿವಾರ ಮಾತ್ರ ಕುಡಿಯುತ್ತೇನೆ, ಎರಡೋ ಮೂರೋ ಡ್ರಿಂಕ್. ಆದರೆ ನಾಲ್ಕು ತಿಂಗಳಿಂದ ನಿದ್ದೆ ಬರಲಿ ಅಂತ ದಿನಾ ರಾತ್ರಿ ಗಾಂಜಾ ವೇಪ್ (ಬ್ಯಾಟರಿ ಸಿಗರೇಟಿನ ಥರದ್ದು) ಎಳೆಯುತ್ತಿದ್ದೇನೆ. ಈ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದೆ. ಹೋದ ತಿಂಗಳು ಒಂದು ಪಾರ್ಟಿಯಲ್ಲಿ ನಡೆದದ್ದು ನನಗೆ ನೆನಪೇ ಇಲ್ಲ. ಜೋರಾಗಿ ಅತ್ತೆನಂತೆ. ಆಮೇಲೆ ಕ್ಯಾಂಪಸ್ ಅಪಾರ್ಟ್‌ಮೆಂಟಿನಲ್ಲಿ ವಾಸನೆ ಬಂತು ಅಂತ ದೂರು ಹೋಗಿ, ಎರಡು ಸಲ ಕೌನ್ಸೆಲಿಂಗ್‌ಗೆ ಹೋಗಲೇಬೇಕು ಅಂದಿದ್ದಾರೆ. ನಾನೇನು ಕುಡುಕನಾ? ವೀಸಾಗೆ ತೊಂದರೆ ಆಗುತ್ತಾ? ಅಪ್ಪನಿಗೆ ಗೊತ್ತಾಗುತ್ತಾ? ಹೋಗಿ ಏನೋ ಒಂದು ಹೇಳಿ ಬಂದುಬಿಡಲಾ? ನಮ್ಮ ಸೋದರಮಾವನಿಗೆ ಮಾನಸಿಕ ಕಾಯಿಲೆ ಇದೆ, ಅದನ್ನೆಲ್ಲ ಕೆದಕುತ್ತಾರೇನೋ ಅನ್ನುವ ಭಯವೂ ಇದೆ. ಭಾನುವಾರ ಅಮ್ಮ ವಿಡಿಯೊ ಕಾಲ್ ಮಾಡುತ್ತಾಳೆ. ನಾಲ್ಕು ವಾರದಿಂದ ನೆಟ್‌ವರ್ಕ್ ಸರಿ ಇಲ್ಲ ಅಂತ ಹೇಳಿ ಕ್ಯಾಮೆರಾ ಆಫ್ ಮಾಡಿ ಮಾತಾಡುತ್ತಿದ್ದೇನೆ.

ಉತ್ತರ: ಅಕ್ಕಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಏನೋ ಒಂದು ಹೇಳಿ ಬರಬೇಡ. ಹೋಗು, ಇದ್ದದ್ದನ್ನು ಇದ್ದ ಹಾಗೆ ಹೇಳು. ಈ ಪತ್ರದಲ್ಲಿ ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ, ಯಾಕೆ ಅಂತ ಹೇಳುತ್ತೇನೆ.

ನಿನ್ನ ಮನಸ್ಸಿನಲ್ಲಿ ಯಾವ ಚಿತ್ರ ಇದೆ ಅಂತ ನನಗೆ ಗೊತ್ತು. ಮೇಜಿನ ಆಚೆ ಒಬ್ಬರು ಕೂತು ನಾಚಿಕೆ ಆಗಲ್ವಾ ಅಂತ ಬೈಯುತ್ತಾರೆ, ಆಮೇಲೆ ಲಿವರ್ ಫೋಟೊ ತೋರಿಸುತ್ತಾರೆ, ಕೊನೆಗೆ ಆಣೆ ಮಾಡಿಸುತ್ತಾರೆ. ಹಾಗಿರುವುದಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಈ ಎರಡು ಸಲದ ಮಾತುಕತೆಗೆ ಹೆಚ್ಚಾಗಿ ‘ಬೇಸಿಕ್ಸ್’ ಅನ್ನುವ ಕಾರ್ಯಕ್ರಮವೇ ಮಾದರಿ. ಅದು ಹುಟ್ಟಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಅವರ ಸಂಗಡಿಗರ ಕೈಯಲ್ಲಿ. 1999ರಲ್ಲಿ ಅದರ ಕೈಪಿಡಿ ಬಂತು. ಅವರು ನೋಡಿದ್ದು ಇಷ್ಟು: ಪೂರ್ತಿ ಬಿಟ್ಟುಬಿಡು ಅಂದರೆ ಈ ವಯಸ್ಸಿನವರು ಕೇಳುವುದಿಲ್ಲ, ಎದ್ದು ಹೋಗುತ್ತಾರೆ. ಅದಕ್ಕೆ ಅವರು ಅನಾಹುತ ಹೇಗೆ ಕಡಿಮೆ ಮಾಡೋಣ ಅಂತ ಕೇಳಿದರು. ಬಿಡುವುದು, ಕಡಿಮೆ ಮಾಡುವುದು, ಹಾಗೇ ಇರುವುದು ಎಲ್ಲ ನಿನ್ನ ತೀರ್ಮಾನ ಅಂತ ಮೊದಲೇ ಹೇಳಿಬಿಡುತ್ತಾರೆ.

ನಡೆಯುವುದು ಹೀಗೆ. ಮೊದಲ ಸಲ ಸುಮಾರು ಐವತ್ತು ನಿಮಿಷ ಮಾತು. ಯಾವಾಗ, ಎಷ್ಟು, ಯಾರ ಜೊತೆ, ಅದರಿಂದ ಏನು ಸಿಗುತ್ತದೆ. ಹೌದು, ಏನು ಸಿಗುತ್ತದೆ ಅಂತಲೂ ಕೇಳುತ್ತಾರೆ. ಜೊತೆಗೆ ಒಂದು ಪ್ರಶ್ನಾವಳಿ ತುಂಬಬೇಕು. ಒಂದೆರಡು ವಾರ ಬಿಟ್ಟು ಮತ್ತೆ ಹೋದಾಗ ನೀನು ಕೊಟ್ಟ ಲೆಕ್ಕದಿಂದಲೇ ಮಾಡಿದ ಒಂದು ವರದಿಯನ್ನು ನಿನ್ನ ಮುಂದೆ ಇಡುತ್ತಾರೆ. ವಾರಕ್ಕೆ ಎಷ್ಟು, ರಕ್ತದಲ್ಲಿ ಮದ್ಯದ ಮಟ್ಟ ಎಲ್ಲಿವರೆಗೆ ಏರಿತ್ತು, ದುಡ್ಡು ಎಷ್ಟು ಹೋಯಿತು, ನಿನ್ನ ಜೊತೆಯವರು ನಿಜವಾಗಿ ಎಷ್ಟು ಕುಡಿಯುತ್ತಾರೆ ಅಂತ ಎಲ್ಲ ಅದರಲ್ಲಿ ಇರುತ್ತದೆ. ಈಗ ಹೇಳು, ಸುಳ್ಳು ಲೆಕ್ಕ ಕೊಟ್ಟರೆ ಆ ಹಾಳೆಯಲ್ಲಿ ಇರುವುದು ಯಾರು? ನೀನಂತೂ ಅಲ್ಲ. ಎರಡು ಗಂಟೆ ಸುಮ್ನೆ ಹಾಳು.

ಜೊತೆಯವರ ಲೆಕ್ಕದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಎಲ್ಲರೂ ಕುಡಿಯುತ್ತಾರೆ ಅನ್ನುವುದು ಕಣ್ಣಿನ ಮೋಸ. ವಿದ್ಯಾರ್ಥಿಗಳನ್ನು ಕೇಳಿದಾಗ ಹೆಚ್ಚಾಗಿ ಅವರ ಅಂದಾಜು ನಿಜಕ್ಕಿಂತ ಜಾಸ್ತಿಯೇ ಬಂದಿದೆ. ಕುಡಿಯದವನು ಒಂಬತ್ತಕ್ಕೆ ಅನ್ನ ಸಾರು ಉಂಡು ಮಲಗಿರುತ್ತಾನೆ, ಅವನು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ, ಗಲಾಟೆ ಮಾಡಿದ ನಾಲ್ಕು ಜನ ಮಾತ್ರ ನೆನಪಿನಲ್ಲಿ ಉಳಿಯುತ್ತಾರೆ.

ಇನ್ನು ನಿನ್ನ ‘ಎರಡೋ ಮೂರೋ ಡ್ರಿಂಕ್’. ಇವತ್ತೇ ಒಂದು ಕೆಲಸ ಮಾಡು. ಪಾರ್ಟಿಯ ಆ ಕೆಂಪು ಪ್ಲಾಸ್ಟಿಕ್ ಕಪ್ ತಗೋ. ಅಡುಗೆಗೆ ಅಳೆಯುವ ಟೇಬಲ್‌ಸ್ಪೂನ್‌ನಲ್ಲಿ ಮೂರು ಸಲ ನೀರು ಹಾಕು. ತಳದಲ್ಲಿ ಒಂಚೂರೇ ಇದೆ ಅನ್ನಿಸುತ್ತೆ ಅಲ್ವಾ? ಅಮೆರಿಕದ ಲೆಕ್ಕದಲ್ಲಿ ವಿಸ್ಕಿಯಾಗಲಿ ವೋಡ್ಕಾವಾಗಲಿ ಒಂದು ಡ್ರಿಂಕ್ ಅಂದರೆ ಅಷ್ಟೇ, 44 ಮಿ.ಲೀ. ನಮ್ಮ ಸ್ಮಾಲ್ ಪೆಗ್ 30, ಲಾರ್ಜ್ 60, ಅವರದ್ದು ಎರಡರ ನಡುವೆ. ಈಗ ನೀನು ಹೋದ ಶನಿವಾರ ಹಾಕಿಕೊಂಡಷ್ಟು ಎತ್ತರಕ್ಕೆ ನೀರು ತುಂಬಿಸು, ಆಮೇಲೆ ಅದನ್ನು ಅದೇ ಚಮಚದಲ್ಲಿ ಅಳೆದು ತೆಗೆ. ಕೋಕ್ ಎಷ್ಟು ಬೆರೆಸಿದ್ದೆ ಅಂತ ನಿನಗೇ ಗೊತ್ತಿರುತ್ತದೆ, ಅದನ್ನು ಕಳೆ. ಮೂರು ಕಪ್ಪು ಆರೋ ಏಳೋ ಡ್ರಿಂಕ್ ಆಗಿರಬಹುದು. ದೇಹ ಒಂದು ಡ್ರಿಂಕನ್ನು ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದು ಬೇಗ ಆಗುವುದಿಲ್ಲ.

ನೆನಪಿಲ್ಲದ ಆ ರಾತ್ರಿಯನ್ನು ಹಗುರವಾಗಿ ತಗೋಬೇಡ. ಅದು ನಿದ್ದೆ ಅಲ್ಲ, ಮರೆವೂ ಅಲ್ಲ. ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದಾಗ ಮದ್ಯದ ಮಟ್ಟ ಒಮ್ಮೆಲೇ ಏರಿ, ಮಿದುಳು ನೆನಪನ್ನು ಬರೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ನಡೆದಿರುತ್ತೀಯ, ಮಾತಾಡಿರುತ್ತೀಯ, ಅತ್ತಿರುತ್ತೀಯ. ಒಳಗೆ ಏನೂ ಬರೆದಿರುವುದಿಲ್ಲ. ಇದನ್ನು ಕೌನ್ಸೆಲರ್‌ಗೆ ಮೊದಲೇ ಹೇಳು. ಅಳು ಬಂದದ್ದನ್ನೂ ಹೇಳು.

ನೀನು ಕುಡುಕನಾ ಅಂದರೆ, ಆ ಪದ ಇಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಕೈ ನಡುಗಿ ಕುಡಿದರೆ ಮಾತ್ರ ಸರಿಹೋಗುತ್ತದೆ ಅನ್ನುವ ಸ್ಥಿತಿ ಬೇರೆ. ಅಂಥವರಿಗೆ ಎರಡು ಸಲದ ಮಾತು ಸಾಲದು, ಡಾಕ್ಟರ್ ಬೇಕು, ಇದ್ದಕ್ಕಿದ್ದ ಹಾಗೆ ನಿಲ್ಲಿಸುವುದೂ ಅಪಾಯ. ನೀನು ಬರೆದದ್ದರಲ್ಲಿ ಅದು ಕಾಣಲಿಲ್ಲ.

ನನಗೆ ಹೆಚ್ಚು ಚಿಂತೆ ಗಾಂಜಾದ್ದು. ಕುಡಿತದ ವಿಷಯದಲ್ಲಿ ಇಂಥ ಮಾತುಕತೆಯಿಂದ ಸ್ವಲ್ಪ ಮಟ್ಟಿಗೆ ಉಪಯೋಗ ಆಗುತ್ತದೆ ಅಂತ ಬಹಳ ಅಧ್ಯಯನಗಳು ಹೇಳಿವೆ. ಗಾಂಜಾದ ವಿಷಯದಲ್ಲಿ ಫಲಿತಾಂಶ ಅಷ್ಟು ಗಟ್ಟಿಯಾಗಿಲ್ಲ. ಅದಕ್ಕೇ ಎರಡು ಸಲಕ್ಕೆ ಮುಗಿಸಿಬಿಡಬೇಡ, ಮುಂದೆಯೂ ಬರಬಹುದಾ ಅಂತ ನೀನೇ ಕೇಳು. ಅದಿಲ್ಲದೆ ನಿದ್ದೆ ಬರಲ್ಲ ಅಂತೀಯ. ದಿನಾ ಎಳೆಯುವವರು ಒಂದು ರಾತ್ರಿ ಬಿಟ್ಟರೆ ನಿದ್ದೆ ಬರದಿರುವುದು, ಸಿಡುಕು, ಊಟ ಸೇರದಿರುವುದು, ವಿಚಿತ್ರ ಕನಸು ಎಲ್ಲ ಸಹಜ. ಮೊದಲ ವಾರ ಜೋರು, ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ, ನಿದ್ದೆ ಮಾತ್ರ ಕೆಲವರಿಗೆ ಇನ್ನೂ ಸ್ವಲ್ಪ ಸತಾಯಿಸಬಹುದು. ಅಂದರೆ ಈಗ ನಿನ್ನ ನಿದ್ದೆ ಕೆಡಿಸುತ್ತಿರುವುದರಲ್ಲಿ ಆ ವೇಪ್‌ನದ್ದೂ ಪಾಲಿರಬಹುದು. ಸೆಮಿಸ್ಟರ್ ಪರೀಕ್ಷೆಯ ವಾರ ಬಿಟ್ಟು ಬೇರೆ ಸಮಯ ನೋಡಿ ನಿಲ್ಲಿಸು.

ಇನ್ನು ಸೋದರಮಾವನ ವಿಷಯ. ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ, ನಾನು ಅಲ್ಲೇ ನಿಂತುಬಿಟ್ಟೆ. ಅದು ಸೈಕೋಸಿಸ್ ಥರದ್ದಾ, ಅಂದರೆ ಇಲ್ಲದ ಧ್ವನಿ ಕೇಳುವುದು, ಎಲ್ಲರ ಮೇಲೂ ಅನುಮಾನ? ಮನೆಯಲ್ಲಿ ಅಂಥ ಕಾಯಿಲೆ ಇದ್ದವರಿಗೆ, ಅದರಲ್ಲೂ ಎಳೆಯ ವಯಸ್ಸಿನಲ್ಲಿ ದಿನಾ ಗಾಂಜಾ ಸೇದಿದರೆ, ಅದು ಬರುವ ಅಪಾಯ ಜಾಸ್ತಿ. ವೇಪ್ ಎಣ್ಣೆಗಳಲ್ಲಿ ನಶೆಯ ಅಂಶ ಸಾಮಾನ್ಯ ಗಾಂಜಾಕ್ಕಿಂತ ಎಷ್ಟೋ ಪಟ್ಟು ಇರಬಹುದು. ಅಮ್ಮನನ್ನು ಕೇಳು, ಮಾವನಿಗೆ ಏನಾಗಿತ್ತು ಅಂತ. ಕೆದಕುತ್ತಾರೆ ಅಂತ ಹೆದರಿದ್ದೀಯಲ್ಲ, ಈ ಒಂದನ್ನು ಅವರು ಕೇಳದಿದ್ದರೂ ನೀನಾಗಿ ಹೇಳಬೇಕು.

ಅಪ್ಪನಿಗೆ ಗೊತ್ತಾಗುತ್ತಾ? ಅಲ್ಲಿ 1974ರಿಂದ ವಿದ್ಯಾರ್ಥಿಗಳ ದಾಖಲೆಯ ಗುಟ್ಟು ಕಾಯುವ ಫರ್ಪಾ ಅನ್ನುವ ಕಾನೂನಿದೆ. ಮದ್ಯ, ಮಾದಕ ವಸ್ತುಗಳ ವಿಷಯದಲ್ಲಿ ಮನೆಯವರಿಗೆ ತಿಳಿಸಲು 1998ರಲ್ಲಿ ಅವಕಾಶ ಕೊಟ್ಟರು, ಆದರೆ ಅದು 21 ತುಂಬದವರಿಗೆ. ನಿನಗೆ 23. ಮಾತಿನ ಒಳಗಿನದ್ದು ಹೊರಗೆ ಹೋಗುತ್ತದಾ ಅಂತ ಕೂತ ಕೂಡಲೇ ನೇರವಾಗಿ ಕೇಳು. ಸಾಮಾನ್ಯವಾಗಿ ಶಿಸ್ತು ವಿಭಾಗಕ್ಕೆ ಹೋಗುವುದು ಬಂದಿದ್ದ, ಮುಗಿಸಿದ ಅನ್ನುವಷ್ಟೇ.

ವೀಸಾ ವಿಷಯದಲ್ಲಿ ಎರಡು ಮಾತು. ಕೌನ್ಸೆಲಿಂಗ್‌ಗೆ ಹೋದದ್ದರಿಂದ ವೀಸಾ ಹೋಗುವುದಿಲ್ಲ. ಹೋಗದೆ ತಪ್ಪಿಸಿಕೊಂಡು, ವಿಷಯ ಬೆಳೆದು, ಸಸ್ಪೆಂಡ್ ಆಗಿ ಓದು ನಿಂತರೆ ತೊಂದರೆ. ಆದರೆ ರಾಜ್ಯದ ಅನುಮತಿಯನ್ನು ನಂಬಿ ಕೂರಬೇಡ. ವೀಸಾ ಕೊಡುವುದು ಅಮೆರಿಕದ ಕೇಂದ್ರ ಸರ್ಕಾರ, ಅದರ ಕಾನೂನಿನಲ್ಲಿ ಗಾಂಜಾ ಇನ್ನೂ ನಿಯಂತ್ರಿತ ವಸ್ತು. ಕ್ಯಾಂಪಸ್ಸಿನಲ್ಲಿ ನಿಷೇಧ ಇರುವುದೂ ಅದಕ್ಕೇ. ಶಿಕ್ಷೆ ಆಗದಿದ್ದರೂ, ವಿದೇಶಿಯೊಬ್ಬ ವೀಸಾ ಅಥವಾ ವಲಸೆ ಅಧಿಕಾರಿಯ ಮುಂದೆ ಸೇದಿದ್ದನ್ನು ಒಪ್ಪಿಕೊಂಡರೆ ಸಾಕು, ದೇಶದೊಳಗೆ ಬಿಡದೆ ಇರಬಹುದು. ಇದಕ್ಕೆ ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಲಹೆ ಕೇಳಬೇಡ. ವಲಸೆ ವಿಷಯದ ವಕೀಲರನ್ನು ಕೇಳು, ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೇ ಅಂತ ಕಾನೂನು ನೆರವಿನ ಕಚೇರಿ ಇರುತ್ತದೆ. ಕುಡಿದು ಕಾರು ಮಾತ್ರ ಮುಟ್ಟಬೇಡ, ಆ ಒಂದು ಬಂಧನಕ್ಕೇ ವೀಸಾ ರದ್ದಾಗಬಹುದು.

(ಇಲ್ಲೇ ಕರ್ನಾಟಕದಲ್ಲಿ ಓದುತ್ತಾ ಇದೇ ಪಾಡಿನಲ್ಲಿ ಇರುವವರು 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ.)

ಅಲ್ಲಿ ನಿನ್ನನ್ನು ಒಂದು ಪ್ರಶ್ನೆ ಕೇಳಬಹುದು: ಬದಲಾಗಬೇಕು ಅಂತ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅನ್ನಿಸುತ್ತದೆ? ನೀನು ನಾಲ್ಕು ಅಂದೆ ಅಂತಿಟ್ಟುಕೋ. ಹತ್ತು ಯಾಕಲ್ಲ ಅಂತ ಅವರು ಕೇಳುವುದಿಲ್ಲ. ಎರಡು ಯಾಕಲ್ಲ, ನಾಲ್ಕು ಯಾಕೆ ಅಂತ ಕೇಳುತ್ತಾರೆ. ಆಗ ಕಾರಣ ನಿನ್ನ ಬಾಯಿಂದಲೇ ಬರಬೇಕು. ಮನೆ ಮೇಲಿನ ಸಾಲ ಅಂತೀಯೋ, ಓದು ಅಂತೀಯೋ ಗೊತ್ತಿಲ್ಲ. ನಿನ್ನ ಪತ್ರ ಓದಿದ ನನಗೆ ಕಂಡ ಕಾರಣ ಆ ಆಫ್ ಆದ ಕ್ಯಾಮೆರಾ. ಅಮ್ಮ ದೇವರ ದೀಪ ಹಚ್ಚಿ, ಕೈ ಒರೆಸಿಕೊಂಡು ಫೋನು ಹಿಡಿದು ಕೂತರೆ ಕಪ್ಪು ಪರದೆ. ನೆಟ್‌ವರ್ಕ್ ಸರಿ ಇಲ್ಲ ಅನ್ನುವುದನ್ನು ನಾಲ್ಕು ವಾರ ಯಾವ ಅಮ್ಮನೂ ನಂಬುವುದಿಲ್ಲ ಕಣೋ.

ಈ ಶನಿವಾರ ಎಷ್ಟು ಕುಡಿದೆ ಅಂತ ಚಮಚದ ಲೆಕ್ಕದಲ್ಲೇ ಫೋನಿನಲ್ಲಿ ಬರೆದಿಟ್ಟುಕೋ, ಮೊದಲ ಭೇಟಿಗೆ ಅದನ್ನೇ ತೆಗೆದುಕೊಂಡು ಹೋಗು. ಭಾನುವಾರ ಮುಖ ತೊಳೆದು ಕ್ಯಾಮೆರಾ ಆನ್ ಮಾಡು. ಎಲ್ಲ ಹೇಳಬೇಕಂತಿಲ್ಲ. ಮಾವನ ವಿಷಯ ಮಾತ್ರ ಕೇಳು.